ಕಾಳು ಗುಬ್ಬಚ್ಚಿಗೆ, ಫೋಟೊ ತುಂಬಾ ಪಾರಿವಾಳ

ಇವತ್ತು ಎರಡೂವರೆ ಗಂಟೆ ಕಿಟಕಿಯ ಹಿಂದೆ ಅಲ್ಲಾಡದೆ ಕೂತಿದ್ದೆ. ತೆಗೆದ ಫೋಟೊ 412. ಗುಬ್ಬಚ್ಚಿ ಇರುವುದು ಬರೀ 9ರಲ್ಲಿ. ಉಳಿದದ್ದೆಲ್ಲ ಪಾರಿವಾಳ, ಪಾರಿವಾಳ, ಪಾರಿವಾಳ! ಹೊಟ್ಟೆ ಉರಿಯುತ್ತಿದೆ.

ಹಿತ್ತಲಲ್ಲಿ ಕಾಳಿನ ತಟ್ಟೆ ತೂಗುಹಾಕಿದ್ದೇ ಗುಬ್ಬಚ್ಚಿಗಳಿಗಾಗಿ. ಎಷ್ಟೋ ತಿಂಗಳು ಒಂದೂ ಸುಳಿದಿರಲಿಲ್ಲ. ಈಗ ಒಂದು ಜೋಡಿ ಬರಲು ಶುರು ಮಾಡಿದೆ. ಗಂಡಿನ ಕೊರಳ ಕೆಳಗಿನ ಆ ಕಪ್ಪು ಮಚ್ಚೆ ಬೆಳಗಿನ ಬೆಳಕಿನಲ್ಲಿ ಚೆನ್ನಾಗಿ ಕಾಣುವ ಒಂದೇ ಒಂದು ಫೋಟೊ ಬೇಕು ನನಗೆ. ಜಾಸ್ತಿ ಏನೂ ಕೇಳುತ್ತಿಲ್ಲ, ಅಲ್ವಾ?

ತಟ್ಟೆ ತುಂಬಿಸಿದ ಐದೇ ನಿಮಿಷಕ್ಕೆ ಈ ದಾಂಡಿಗರು ಹಾಜರು. ಗುಬ್ಬಚ್ಚಿ ತೂಗುವುದು 30 ಗ್ರಾಂ ಆಸುಪಾಸು. ಪಾರಿವಾಳದ ತೂಕ ಅದರ ಹತ್ತು ಪಟ್ಟು. ಅದು ಧೊಪ್ಪೆಂದು ಇಳಿದರೆ ತಟ್ಟೆ ವಾಲಿ ಅರ್ಧ ಕಾಳು ನೆಲದ ಪಾಲು. ಉಳಿದದ್ದನ್ನು ಕೊಕ್ಕಿನಿಂದ ಆ ಕಡೆ ಈ ಕಡೆ ಎರಚಾಡುತ್ತದೆ. ಹೊಟ್ಟೆ ತುಂಬಿದ ಮೇಲಾದರೂ ಹೋಗಬೇಕಲ್ಲ? ಇಲ್ಲ, ಅಲ್ಲೇ ಬಿದ್ದುಕೊಂಡು ಕಾಳಿನ ಮೇಲೆಯೇ ಹಿಕ್ಕೆ ಹಾಕುತ್ತದೆ. ಗುಬ್ಬಚ್ಚಿ ಬೇಲಿಯಲ್ಲಿ ಕೂತು ಚಿಂವ್ ಚಿಂವ್ ಅನ್ನುತ್ತಾ ಕಾಯುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಕ್ಯಾಮೆರಾ ಕೂಡ ಅವುಗಳ ಕಡೆಯೇ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ, ಸರಿ. ಯಾವ ಕಣ್ಣು? ಮುಂದೆ ಕೂತ ಪಾರಿವಾಳದ ದುಂಡಗಿನ ಕಿತ್ತಳೆ ಕಣ್ಣು! ಇವತ್ತು ಗಂಡು ಗುಬ್ಬಚ್ಚಿ ಕೊನೆಗೂ ತಟ್ಟೆಯ ಅಂಚಿಗೆ ಬಂತು. ಎದೆ ಉಬ್ಬಿಸಿ ಕತ್ತು ತಿರುಗಿಸಿತು. ಶಟರ್ ವೇಗ ಸೆಕೆಂಡಿನ 1/2000 ಭಾಗ, ಬೆಳಕು ಹದವಾಗಿತ್ತು. ಒತ್ತಿದೆ. ಫ್ರೇಮ್ ತುಂಬಾ ಬೂದು ರೆಕ್ಕೆ! ಗರಿ ಎಣಿಸಬಹುದು, ಅಷ್ಟು ಸ್ಪಷ್ಟ. ಅದರ ಸಂದಿಯಲ್ಲಿ ಗುಬ್ಬಚ್ಚಿಯ ಒಂದು ಕಣ್ಣು ಮಾತ್ರ, ಅದೂ ಮಸುಕು.

ಪಂಜರದಂಥ ಫೀಡರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದ್ದೆ. ಸರಳುಗಳ ನಡುವೆ 4 ಸೆಂಟಿಮೀಟರ್ ಸಂದಿ. ಗುಬ್ಬಚ್ಚಿ ನುಸುಳುತ್ತದೆ, ಪಾರಿವಾಳಕ್ಕೆ ಆಗುವುದಿಲ್ಲ. ಆದರೆ ಯಾವ ಫೋಟೊ ನೋಡಿದರೂ ನನ್ನ ಗುಬ್ಬಚ್ಚಿ ಕಂಬಿ ಎಣಿಸುತ್ತಾ ಕೂತ ಹಾಗಿದೆ! ನೋಡಲಾಗದೆ ತೆಗೆದಿಟ್ಟೆ. ಓಡಿಸೋಣ ಅಂತ ಚಪ್ಪಾಳೆ ತಟ್ಟಿದರೆ ಮೊದಲು ಹಾರಿಹೋಗುವುದೇ ಗುಬ್ಬಚ್ಚಿ. ಪಾರಿವಾಳ ಒಮ್ಮೆ ತಲೆಯೆತ್ತಿ ಮತ್ತೆ ಮೇಯುತ್ತದೆ.

"ಅದೂ ಹಕ್ಕಿ ತಾನೇ, ಸುಮ್ನೆ ಅದರದ್ದೇ ತೆಗಿ" ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಪಾರಿವಾಳಕ್ಕೆ ಎಲ್ಲಿ ಜಾಗವಿಲ್ಲ ಹೇಳಿ? ಕಟ್ಟಡದ ಸಂದಿಗೊಂದಿಯಲ್ಲೆಲ್ಲ ಗೂಡು. ಒಂದು ಸಲಕ್ಕೆ ಎರಡು ಮೊಟ್ಟೆ, ವರ್ಷಕ್ಕೆ ಹಲವು ಸಲ. ನನ್ನ ಗುಬ್ಬಚ್ಚಿಗಳಿಗೆ ಈ ಒಂದು ತಟ್ಟೆಯಾದರೂ ಬೇಡವೇ?

412ರಲ್ಲಿ 411 ಅಳಿಸಿದೆ. ರೆಕ್ಕೆಯ ಸಂದಿಯ ಆ ಕಣ್ಣನ್ನು ಅಳಿಸಲು ಮಾತ್ರ ಕೈ ಬರಲಿಲ್ಲ.