ಸತ್ಯಾಂಶ: ಕ್ರೂಸ್ ಹಡಗಲ್ಲಿ ಹಿರಿಯರಿಗೆ ಟ್ರೀಟ್ಮೆಂಟ್ ಫ್ರೀನಾ?

ಕಾಫಿ ಕುಯ್ಲು ಮುಗೀತಿದ್ದಂಗೆ ಮಡಿಕೇರಿ, ವಿರಾಜಪೇಟೆ ಕಡೆ ಫ್ಯಾಮಿಲಿ ಗ್ರೂಪುಗಳಲ್ಲಿ ಸಿಂಗಾಪುರ ಕ್ರೂಸ್ ಮಾತು ಶುರು, ಅದರ ಜೊತೆಗೇ ಒಂದು ಫಾರ್ವರ್ಡ್ ಓಡಾಡ್ತಿದೆ: "70 ದಾಟಿದವರಿಗೆ ಹಡಗಲ್ಲಿ ಡಾಕ್ಟರ್ ಫ್ರೀ, ಆಯುಷ್ಮಾನ್ ಕಾರ್ಡ್ ತೋರಿಸಿದ್ರೆ ಸಾಕು, ಇನ್ಶೂರೆನ್ಸ್ ದಂಡ."

ಇದು ಸುಳ್ಳು. 70 ದಾಟಿದವರಿಗೆ ವರ್ಷಕ್ಕೆ 5 ಲಕ್ಷದ ತನಕ ಆಯುಷ್ಮಾನ್ ಸೌಲಭ್ಯ 2024ರಲ್ಲಿ ಬಂದಿದ್ದು ನಿಜ, ಆದ್ರೆ ಅದು ನಡಿಯೋದು ನಮ್ಮ ದೇಶದಲ್ಲಿ ಆ ಯೋಜನೆಗೆ ಸೇರಿರೋ ಆಸ್ಪತ್ರೆಗಳಲ್ಲಿ ಮಾತ್ರ.

ದೊಡ್ಡ ಕ್ರೂಸ್ ಹಡಗಲ್ಲಿ ಡಾಕ್ಟರ್, ನರ್ಸ್ ಇರ್ತಾರೆ, ಟಿಕೆಟ್ ದುಡ್ಡಲ್ಲಿ ಅದು ಸೇರಿರಲ್ಲ ಅಷ್ಟೇ. ನೋಡಿದ್ದಕ್ಕೆ ಫೀಸು, ಇಸಿಜಿಗೆ ಬೇರೆ, ಡ್ರಿಪ್‌ಗೆ ಬೇರೆ, ಎಲ್ಲಾ ಸಾಮಾನ್ಯವಾಗಿ ಡಾಲರ್ ಲೆಕ್ಕದಲ್ಲಿ ನಿಮ್ಮ ರೂಮಿನ ಬಿಲ್ಲಿಗೆ ಸೇರ್ಕೊಳ್ಳುತ್ತೆ. ಹಾರ್ಟ್ ಅಟ್ಯಾಕ್, ಸೊಂಟದ ಮೂಳೆ ಮುರಿತ ಅಂದ್ರೆ ಪರಿಸ್ಥಿತಿ ಹತೋಟಿಗೆ ತರೋಷ್ಟು ನೋಡ್ಕೊಂಡು ಮುಂದಿನ ಬಂದರಲ್ಲಿ ಇಳಿಸ್ತಾರೆ, ತೀರಾ ಅರ್ಜೆಂಟ್ ಇದ್ರೆ ಹೆಲಿಕಾಪ್ಟರ್, ನಿಜವಾದ ಖರ್ಚು ಶುರುವಾಗೋದೇ ಅಲ್ಲಿಂದ, ಗೊತ್ತಿಲ್ಲದ ಊರಲ್ಲಿ ಜೊತೆಗಿದ್ದವರ ಪಾಡೂ ಕಷ್ಟ.

ಅದಕ್ಕೇ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿ ತಗೊಳ್ಳುವಾಗ ಕ್ರೂಸ್ ಕವರ್ ಆಗುತ್ತಾ, ಮೆಡಿಕಲ್ ಇವ್ಯಾಕ್ಯುಯೇಷನ್ (ಹಡಗಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು) ಇದೆಯಾ, ವಯಸ್ಸಿನ ಮಿತಿ ಎಷ್ಟು ಅಂತ ಬಿಡಿಸಿ ಕೇಳಿ. ಬಿಪಿ, ಶುಗರ್, ಹಿಂದೆ ಹಾಕಿಸಿದ ಸ್ಟೆಂಟ್, ಒಂದನ್ನೂ ಮುಚ್ಚಿಡಬೇಡಿ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಮುಚ್ಚಿಟ್ಟಿದ್ದು ಗೊತ್ತಾದ್ರೆ ಕ್ಲೇಮೇ ರಿಜೆಕ್ಟ್ ಆಗಬಹುದು. ದಿನಾ ತಗೊಳ್ಳೋ ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ಹಡಗು ಹತ್ತಿದ ಎಷ್ಟೋ ಹೊತ್ತಿನ ಮೇಲೆ ರೂಮಿಗೆ ಬರುತ್ತೆ.