ಬಂಡೆಗೆ ನೀರು ಬೇಡ, ಬಿಸಿಲಿಗೆ ಕಾಯಿರಿ

ಭೋಪಾಲದಲ್ಲಿ ನೆಲೆಸಿ ಬಳ್ಳಾರಿ, ಕೊಪ್ಪಳ, ರಾಯಚೂರಿನ ಗುಡ್ಡಗಳ ಫೋಟೋ ನೋಡುವವನಿಗೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿಂದ ಸುಮಾರು 45 ಕಿ.ಮೀ. ದೂರದ ಭೀಮಬೆಟ್ಕಾದ ಫೋಟೋ ಎಂದರೆ ಬಂಡೆಯ ಮೇಲಿನ ಚಿತ್ರದ ಫೋಟೋ. ನಮ್ಮ ಕಡೆಯ ಫೋಟೋ ಎಂದರೆ ಬಹುಪಾಲು ಬರೀ ಬಂಡೆ. ಸಾಣಾಪುರದ ಗುಂಡುಗಳ ಹಿಂದೆ ಏಳುವ ಸೂರ್ಯ, ಆನೆಗೊಂದಿಯ ಭತ್ತದ ಗದ್ದೆ, ಮೇಲೆ ಕೆಂಪು ಮೋಡ. ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಅದೇ ಸೀಮೆಯ ಬಂಡೆಗಳ ಮೈಮೇಲೆ ಸಾವಿರಾರು ವರ್ಷಗಳ ಹಿಂದೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಡುಬ್ಬದ ಗೂಳಿಗಳಿವೆ, ಜಾಜಿನಲ್ಲಿ, ಅಂದರೆ ಕೆಂಪು ಕಾವಿಮಣ್ಣಿನಲ್ಲಿ, ಬರೆದ ಜಿಂಕೆಗಳಿವೆ, ಸಾಲಾಗಿ ನಿಂತು ಕುಣಿಯುವ ಜನರಿದ್ದಾರೆ. ಅವುಗಳ ಕಡೆ ಕ್ಯಾಮೆರಾ ತಿರುಗಿಸುವವರು ಕಡಿಮೆ. ತಿರುಗಿಸಿದವರಲ್ಲೂ ಕೆಲವರು ಮೊದಲು ಬಾಟಲಿ ನೀರು ಎರಚುತ್ತಾರೆ, ಇಲ್ಲವೇ ಸೀಮೆಸುಣ್ಣದಿಂದ ಗೆರೆ ತಿದ್ದುತ್ತಾರೆ. ಇದು ನಿಲ್ಲಬೇಕು. ನಿಲ್ಲಿಸಿದರೆ ಫೋಟೋ ಕೆಡುವುದಿಲ್ಲ, ಇನ್ನೂ ಚೆನ್ನಾಗಿ ಬರುತ್ತದೆ.

ಭೀಮಬೆಟ್ಕಾವನ್ನು ಪುರಾತತ್ವಜ್ಞ ವಿ.ಎಸ್. ವಾಕಣಕರ್ ಅವರು 1957ರಲ್ಲಿ ಗುರುತಿಸಿದರು, 2003ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಅಲ್ಲಿ ನಡೆಯಲು ದಾರಿ, ಗವಿಗಳಿಗೆ ನಂಬರು, ಮುಟ್ಟದಂತೆ ಕಂಬಿ, ಕಾವಲು ಎಲ್ಲ ಇವೆ. ಕಲ್ಲು ಉಳಿದಿದೆ. ಆದರೆ ಎಲ್ಲರೂ ಕಂಬಿಯ ಆಚೆಯ ಅದೇ ಜಾಗದಲ್ಲೇ ನಿಲ್ಲಬೇಕಾಗಿ, ಜೂ ರಾಕ್ ಎಂದು ಕರೆಯುವ ಬಂಡೆಯ ಫೋಟೋಗಳೆಲ್ಲ ಒಂದರಂತೆ ಇನ್ನೊಂದು. ನಮ್ಮ ಕಪ್ಪಗಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳದ ಗುಡ್ಡಗಳಲ್ಲಿ ಚಿತ್ರದ ಎದುರಿಗೇ, ಬೇಕಾದ ಹೊತ್ತಿಗೆ, ಬೇಕಾದ ಕೋನದಲ್ಲಿ ನಿಲ್ಲಬಹುದು. ಫೋಟೋ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಕಂಬಿ ಮಾಡಬೇಕಾದ ಕೆಲಸವನ್ನು ಅವನೇ ಮಾಡಬೇಕು, ಅಷ್ಟೇ.

ನೀರು ಎರಚಿದಾಗ ಚಿತ್ರ ಗಾಢವಾಗಿ ಕಾಣುವುದು ನಿಜ. ಆ ಗಾಢತೆ ಇರುವುದು ಕೆಲವೇ ನಿಮಿಷ. ಆಮೇಲೆ ನೀರಿನಲ್ಲಿದ್ದ ಮತ್ತು ಕಲ್ಲಿನೊಳಗಿದ್ದ ಉಪ್ಪು ಮೇಲಕ್ಕೆ ಬಂದು, ಒಣಗುತ್ತ ಹರಳುಗಟ್ಟಿ, ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲಿನ ತೆಳು ಪದರವನ್ನೇ ಎಬ್ಬಿಸುತ್ತದೆ. ಬಿರುಕಿನ ಅಂಚಿನಲ್ಲಿ ಬಣ್ಣ ಚಕ್ಕೆಯಾಗಿ ಉದುರುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಮನೆಯ ಪಾತ್ರೆಯ ತಳ ನೋಡಿದವರಿಗೆಲ್ಲ ಗೊತ್ತು. ಅದೇ ಪೊರೆ ಇಲ್ಲಿ ಚಿತ್ರದ ಮೇಲೆ ಕೂರುತ್ತದೆ. ಬಿಸಿಲಲ್ಲಿ ಕಾದ ಬಂಡೆಗೆ ತಣ್ಣೀರು ಬಿದ್ದರೆ ಪದರ ಸೀಳುವ ಅಪಾಯ ಬೇರೆ.

ಸೀಮೆಸುಣ್ಣದ ಕೇಡು ಇನ್ನೊಂದು ಬಗೆಯದು. ಕಪ್ಪಗಲ್ಲಿನ ಬಂಡೆಗಳಲ್ಲಿ ಒಂದು ಕಾಲದ ಗೂಳಿಯ ಮೇಲೆ ಇನ್ನೊಂದು ಕಾಲದ ಆಕೃತಿ ಬಂದಿದೆ. ಕುಟ್ಟಿದ ಗುರುತು ಹೊಸದಿದ್ದಷ್ಟೂ ತಿಳಿಯಾಗಿರುತ್ತದೆ, ಹಳೆಯದಾದಷ್ಟೂ ಕಲ್ಲಿನ ಕಪ್ಪಿಗೇ ತಿರುಗುತ್ತದೆ. ಯಾವುದು ಮೊದಲು, ಯಾವುದು ನಂತರ ಎಂದು ಹೇಳುವುದು ಈ ಬಣ್ಣದ ಅಂತರವೇ. ಸುಣ್ಣದ ಗೆರೆ ಎಳೆದ ಕೂಡಲೇ ಎಲ್ಲವೂ ಒಂದೇ ಬಿಳಿ. ಫೋಟೋದಲ್ಲಿ ಉಳಿಯುವುದು ಗೆರೆ ಎಳೆದವನ ಊಹೆ. ಪುಡಿ ಸಣ್ಣ ಕುಳಿಗಳಲ್ಲಿ ಕೂತು, ಮುಂದೆ ಬರುವವರ ಫೋಟೋವನ್ನೂ ಕೆಡಿಸುತ್ತದೆ.

ಹಾಗಾದರೆ ಕಾಣಿಸುವುದು ಹೇಗೆ? ಇಲ್ಲಿ ಭೋಪಾಲದ ಕಡೆಯ ಅಭ್ಯಾಸ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಭೀಮಬೆಟ್ಕಾದ್ದು ಮರಳುಗಲ್ಲು, ಗವಿಯ ನೆರಳಿನಲ್ಲಿ ಬಣ್ಣದ ಚಿತ್ರ. ಅಲ್ಲಿ ಜಾಣತನವೆಲ್ಲ ಬಣ್ಣ ಸರಿಯಾಗಿ ಹಿಡಿಯುವುದರಲ್ಲಿ. ಬಳ್ಳಾರಿಯ ಸಂಗನಕಲ್ಲು–ಕಪ್ಪಗಲ್ಲಿನ ಚಿತ್ರಗಳು ಬಯಲಲ್ಲಿರುವ ಡಾಲರೈಟ್ ಎಂಬ ಕಪ್ಪು ಕಲ್ಲಿನ ಮೇಲೆ ಕುಟ್ಟಿದವು. ಅವುಗಳ ಆಳ ತೀರಾ ಕಡಿಮೆ, ಬಣ್ಣದ ವ್ಯತ್ಯಾಸವೂ ಅಲ್ಪ. ಇಲ್ಲಿ ಬೇಕಾದ್ದು ನೆರಳು. ಸಂಜೆ ಬಿಸಿಲು ಅಡ್ಡಕ್ಕೆ ಬಿದ್ದಾಗ ಕಣದಲ್ಲಿ ಹರಡಿದ ಜೋಳದ ಒಂದೊಂದು ಕಾಳಿಗೂ ನೆರಳು ಮೂಡುತ್ತದಲ್ಲ, ಹಾಗೆ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಕಲ್ಲಿನ ಮುಖಕ್ಕೂ ಬೆಳಕಿಗೂ ನಡುವೆ 5ರಿಂದ 15 ಡಿಗ್ರಿ ಇದ್ದರೆ ಸಾಕು, ಕಾಣದ ಕೊಂಬು ಕಾಣುತ್ತದೆ.

ಫೋಟೋಗ್ರಾಫರುಗಳ ಒಂದು ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಬೆಳಿಗ್ಗೆ ಸಂಜೆಯ ಹೊಂಬಿಸಿಲೇ ಒಳ್ಳೆಯದು, ನಡುಮಧ್ಯಾಹ್ನ ಕ್ಯಾಮೆರಾ ಚೀಲದಲ್ಲಿರಲಿ ಎನ್ನುತ್ತಾರೆ. ಮಲಗಿದ ಬಂಡೆಯ ಮಟ್ಟಸ ಮೈಗೆ ಇದು ಸರಿ: ಸೂರ್ಯ ಮೂಡಿದ 20ನೇ ನಿಮಿಷದಿಂದ ಒಂದು ಗಂಟೆಯವರೆಗೆ ಬೆಳಕು ಹೇಳಿ ಮಾಡಿಸಿದಂತೆ ಇರುತ್ತದೆ. ಆದರೆ ಪೂರ್ವಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಬಂಡೆಗೆ ಹೊಂಬಿಸಿಲು ನೇರ ಎದೆಗೇ ಬೀಳುತ್ತದೆ, ಒಂದು ಕುಳಿಗೂ ನೆರಳಿರುವುದಿಲ್ಲ. ಅದಕ್ಕೆ ಒಳ್ಳೆಯ ಹೊತ್ತು ಸೂರ್ಯ ನೆತ್ತಿಗೇರುವ ಮುಂಚಿನ ಒಂದು ಗಂಟೆ. ಪಶ್ಚಿಮಮುಖಕ್ಕೆ ನೆತ್ತಿ ದಾಟಿದ ಮೇಲಿನ ಒಂದು ಗಂಟೆ. ಬಳ್ಳಾರಿಯಲ್ಲಿ ಮೇ–ಜೂನ್‌ನಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಗಡಿಯಾರದ 12ಕ್ಕಲ್ಲ, 12:20ರ ಆಸುಪಾಸು. ಲೆಕ್ಕ ಅಲ್ಲಿಂದ ಹಾಕಬೇಕು.

ಉತ್ತರಮುಖದ ಬಂಡೆಗಳದೇ ಬೇರೆ ಸಂಗತಿ. ಭೋಪಾಲ ಕರ್ಕಾಟಕ ವೃತ್ತದ ಅಂಚಿನಲ್ಲಿದೆ, ಅಲ್ಲಿ ಉತ್ತರಮುಖಕ್ಕೆ ನಡುಹಗಲಿನ ಬಿಸಿಲು ಸಿಗುವುದೇ ಇಲ್ಲ ಎನ್ನಬಹುದು. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದಲ್ಲಿ. ಮೇ ತಿಂಗಳ ಶುರುವಿನಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಮೇ 20ಕ್ಕೆ ಸುಮಾರು 5 ಡಿಗ್ರಿ, ಜೂನ್ 21ಕ್ಕೆ 8 ಡಿಗ್ರಿ. ವರ್ಷದ ಉಳಿದ ಕಾಲದಲ್ಲಿ ಮಧ್ಯಾಹ್ನ ಮಂಕಾಗಿ ಕೂತ ಬಂಡೆ ಆ ದಿನಗಳಲ್ಲಿ ಗೆರೆಗೆರೆಯಾಗಿ ತೆರೆದುಕೊಳ್ಳುತ್ತದೆ. ಮಳೆ ಮೋಡ ಕವಿಯುವ ಮೊದಲು ಮೇ ಕೊನೆಯ ವಾರ ಹಿಡಿದರೆ ಒಳ್ಳೆಯದು. ದಕ್ಷಿಣಮುಖಕ್ಕೆ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಹತ್ತಿರದ ದಿನಗಳು: ಆಗ ದಿನವಿಡೀ ಬೆಳಕು 15 ಡಿಗ್ರಿ ದಾಟುವುದಿಲ್ಲ. ಆದ್ದರಿಂದ ಗುಡ್ಡ ಹತ್ತುವ ಮುಂಚೆ ಬೇಕಾದ ಮೊದಲ ಸಲಕರಣೆ ದಿಕ್ಸೂಚಿ, ಲೆನ್ಸ್ ಆಮೇಲಿನದು.

ಕಪ್ಪು ಕಲ್ಲನ್ನು ಕ್ಯಾಮೆರಾದ ಮೀಟರು ಬೂದಿಬಣ್ಣಕ್ಕೆ ಎಳೆಯಲು ನೋಡುತ್ತದೆ, ಆಗ ಕುಟ್ಟಿದ ಗುರುತೆಲ್ಲ ಸುಟ್ಟು ಬಿಳಿಯಾಗುತ್ತದೆ. ಬೆಳಕನ್ನು (ಎಕ್ಸ್‌ಪೋಷರ್) ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಮಾಡಿ ತೆಗೆಯಿರಿ. ಮೊಬೈಲ್‌ನಲ್ಲಾದರೆ ಎಚ್‌ಡಿಆರ್ ಆಫ್ ಮಾಡಲೇಬೇಕು. ನಾವು ಗಂಟೆಗಟ್ಟಲೆ ಕಾದು ಪಡೆದ ನೆರಳನ್ನು ಅದು ತಾನೇ ತುಂಬಿ ಅಳಿಸಿಬಿಡುತ್ತದೆ. ಪ್ರೋ ಮೋಡ್‌ನಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಳ್ಳಿ. ಮೇ ಬಿಸಿಲಿಗೆ ಮೊಬೈಲ್ ಕಾದು ತಾನಾಗಿ ಆಫ್ ಆಗುವುದುಂಟು, ತೆಗೆಯುವ ಗಳಿಗೆಯವರೆಗೆ ಬಿಳಿ ಟವೆಲ್ಲಿನಲ್ಲಿ ಸುತ್ತಿಡಬೇಕು.

ಬಣ್ಣದ ಚಿತ್ರಗಳಿಗೆ ಹಿರೇಬೆಣಕಲ್ ಕಡೆ ಬರೋಣ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಈ ಮೋರ್ಯರ ಗುಡ್ಡದ ಕಲ್ಮನೆಗಳು, ಅಂದರೆ ಚಪ್ಪಡಿಗಳಿಂದ ಕಟ್ಟಿದ ಪ್ರಾಚೀನ ಸಮಾಧಿಗಳು, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ಕಲ್ಮನೆಗಳ ಫೋಟೋ ಬೇಕಾದಷ್ಟಿವೆ, ಅದೇ ಗುಡ್ಡದ ಗವಿಗಳ ಜಾಜಿನ ಚಿತ್ರಗಳದು ಕಡಿಮೆ. ಇಲ್ಲಿ ಭೀಮಬೆಟ್ಕಾದ ವಿಧಾನವೇ ಸರಿ. ನೆರಳಿನ ಸಮ ಬೆಳಕು, ಟ್ರೈಪಾಡ್, ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಟೈಮರ್. ಆಮೇಲೆ ಬಣ್ಣ ಸರಿಹೊಂದಿಸಲು ಒಂದು ಫ್ರೇಮಿನಲ್ಲಿ ಬೂದಿ ಕಾರ್ಡ್ ಇಟ್ಟು ತೆಗೆಯಬೇಕು. ನೆರಳಿನ ಬೆಳಕು ಆಕಾಶದ ನೀಲಿ ತರುತ್ತದೆ, ಮುಂದಿನ ಕೆಂಪು ಮಣ್ಣು ತನ್ನ ಬಣ್ಣ ಎರಚುತ್ತದೆ, ಎರಡರ ನಡುವೆ ಜಾಜಿನ ಕೆಂಪು ಯಾವುದೆಂದು ಆಮೇಲೆ ಹೇಳಲಾಗುವುದಿಲ್ಲ. ಕಬ್ಬಿಣದ ಆಕ್ಸೈಡಿನ ಕೆಂಪು ನೀಲಿ–ಹಸಿರು ಬೆಳಕನ್ನು ನುಂಗುತ್ತದೆ. ಹಾಗಾಗಿ ಬಣ್ಣದ ಫೋಟೋದಲ್ಲಿ ಮಾಸಿದ ಜಿಂಕೆ, ಫೋಟೋದ ನೀಲಿ ಬೆಳಕಿನ ಭಾಗವಾದ ನೀಲಿ ಚಾನೆಲ್ ಒಂದನ್ನೇ ಕಪ್ಪು–ಬಿಳುಪಿನಲ್ಲಿ ನೋಡಿದರೆ ಕಪ್ಪಾಗಿ ಎದ್ದು ಬರುತ್ತದೆ.

ಇದಕ್ಕೂ ಮುಂದೆ ಹೋಗಬೇಕೆಂದರೆ, ಮಾಸಿದ ಬಣ್ಣವನ್ನು ಕಂಪ್ಯೂಟರಿನಲ್ಲಿ ಎದ್ದು ಕಾಣಿಸುವ ಡಿಸ್ಟ್ರೆಚ್ ಇದೆ. ಜಾನ್ ಹರ್ಮನ್ ಇದನ್ನು ಶಿಲಾಚಿತ್ರಗಳಿಗೆಂದೇ ಇಮೇಜ್‌ಜೆ ತಂತ್ರಾಂಶದೊಳಗೆ ಸೇರುವಂತೆ ಬರೆದರು. ಕೆಂಪಿಗೆ ವೈಆರ್‌ಇ, ಎಲ್‌ಆರ್‌ಇ ಎಂಬ ಆಯ್ಕೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಜೆಪೆಗ್ ಕೊಟ್ಟರೆ ಚೌಕ ಚೌಕದ ಕಲೆಗಳು ಎದ್ದು ಚಿತ್ರದಂತೆ ಕಾಣುತ್ತವೆ, ರಾ ಫೈಲಿನಿಂದ ಮಾಡಿದ ಟಿಫ್ ಕೊಡಬೇಕು. ನಮ್ಮ ಗ್ರಾನೈಟಿನಲ್ಲಿ ಇನ್ನೊಂದು ತೊಡಕಿದೆ. ಮಳೆನೀರು ಇಳಿದ ಜಾಡಿನ ಕಬ್ಬಿಣದ ಕಲೆಯೂ ಅದೇ ಕೆಂಪಾಗಿ ಉರಿಯುತ್ತದೆ. ಪರದೆಯ ಮೇಲೆ ಕಂಡಿದ್ದನ್ನೆಲ್ಲ ಹೊಸ ಚಿತ್ರ ಎಂದು ಸಾರುವ ಮುಂಚೆ ಕಲ್ಲಿನ ಎದುರು ಮತ್ತೆ ನಿಂತು ನೋಡಬೇಕು. ಹಂಚುವಾಗ ಮೂಲ ಫೋಟೋವನ್ನೂ ಜೊತೆಗೆ ಕೊಡಬೇಕು.

ರಾಯಚೂರು ಕೋಟೆಯ 1294ರ ಶಾಸನವಿರುವ ಚಪ್ಪಡಿ ಸುಮಾರು 12.5 ಮೀಟರ್ ಉದ್ದ. ಎಲ್ಲರೂ ವೈಡ್ ಲೆನ್ಸ್ ಹಾಕಿ ಒಂದೇ ಫ್ರೇಮಿಗೆ ತುರುಕುತ್ತಾರೆ, ತುದಿಯ ಅಕ್ಷರ ಜಗ್ಗಿ ಓದಲಾಗುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ, ಗೋಡೆಯಿಂದ 2.8 ಮೀಟರ್ ದೂರ ನಿಂತರೆ ಒಂದು ಫ್ರೇಮಿಗೆ 2 ಮೀಟರ್ ಸಿಗುತ್ತದೆ. ಗೋಡೆಗೆ ಸಮಾನಾಂತರವಾಗಿ 80 ಸೆಂ.ಮೀ.ಗೊಂದರಂತೆ ಸರಿಯುತ್ತ ಹೋದರೆ 15 ಫ್ರೇಮಿನಲ್ಲಿ ಇಡೀ ಕಲ್ಲು ಬರುತ್ತದೆ, ಒಂದರ ಮೇಲೊಂದು ಶೇ 60ರಷ್ಟು ಹಾಸುವುದರಿಂದ ಜೋಡಿಸುವುದು ಸುಲಭ. ಇಷ್ಟು ದೊಡ್ಡ ಚಪ್ಪಡಿಯನ್ನು ಬಂಡಿಯಲ್ಲಿ ಸಾಗಿಸಿದ ಗೀರುಚಿತ್ರವೂ ಅಲ್ಲೇ ಇದೆ. ಅದಕ್ಕೂ ಅಡ್ಡ ಬಿಸಿಲೇ ಬೇಕು.

ಯಾವ ಚಿತ್ರವೇ ಆಗಲಿ, ಪಕ್ಕದಲ್ಲಿ 10 ಸೆಂ.ಮೀ.ನ ಅಳತೆಪಟ್ಟಿ ಇಟ್ಟು ಒಂದು ಫ್ರೇಮ್ ತೆಗೆಯಿರಿ. ಕಲ್ಲಿಗೆ ಅಂಟಿಸಬೇಡಿ, ಸಣ್ಣ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಅದಿಲ್ಲದಿದ್ದರೆ ಗೂಳಿ ಗೇಣುದ್ದವೋ ಆಳೆತ್ತರವೋ ತಿಳಿಯದು. ಫೈಲಿನ ಜೊತೆ ಊರು, ಗುಡ್ಡಕ್ಕೆ ಊರವರು ಕರೆಯುವ ಹೆಸರು, ಬಂಡೆ ಮುಖ ಮಾಡಿದ ದಿಕ್ಕು, ತಾರೀಕು, ಹೊತ್ತು ಬರೆದಿಡಿ. ಆದರೆ ಕಾವಲಿಲ್ಲದ ಗವಿಯ ಜಿಪಿಎಸ್ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ, ನಿಧಿ ಹುಡುಕುವವರಿಗೆ ಅದೇ ದಾರಿ. ಸಂಜೆ ಬೆಳಕಿಗೆ ಕೂತವರು ಕತ್ತಲಾಗುವ ಮೊದಲೇ ಇಳಿಯಬೇಕು, ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಚಾಚುಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಡ್ರೋನ್ ಎಬ್ಬಿಸಲೇಬಾರದು.

ಕಪ್ಪಗಲ್ಲಿನ ಚಿತ್ರಗಳ ಸುದ್ದಿ 1892ರಲ್ಲೇ ಅಚ್ಚಾಗಿತ್ತು. ಆ ಕಾಲದಲ್ಲಿ ತೆಗೆದ ಫೋಟೋಗಳು ಉಪಯೋಗಕ್ಕೆ ಉಳಿಯಲಿಲ್ಲ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಹೊಸ ಫೋಟೋಗಳೊಡನೆ ವರದಿ ಪ್ರಕಟಿಸುವ ಹೊತ್ತಿಗೆ ಕಲ್ಲುಗಣಿ ಗುಡ್ಡದ ಒಂದಷ್ಟನ್ನು ತಿಂದಾಗಿತ್ತು. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿರುವ ಗುಡ್ಡ ಅದು. ಭೀಮಬೆಟ್ಕಾದಲ್ಲಿ ಫೋಟೋ ಹಾಳಾದರೆ ಇನ್ನೊಂದು ತೆಗೆಯಬಹುದು, ಕಲ್ಲು ಅಲ್ಲೇ ಇರುತ್ತದೆ. ಇಲ್ಲಿ ಆ ಭರವಸೆ ಇಲ್ಲ. ಅದಕ್ಕೇ ಬಳ್ಳಾರಿಯ ಹವ್ಯಾಸಿಗಳು ಚಿತ್ರಗಳ ಜೊತೆ ಗುಡ್ಡದ್ದನ್ನೂ ವರ್ಷಕ್ಕೊಮ್ಮೆ ತೆಗೆಯಬೇಕು: ಅದೇ ತಿಂಗಳು, ಅದೇ ಹೊತ್ತು, ಅದೇ ಲೆನ್ಸ್, ಅದೇ ಜಾಗ. ಜಾಗ ಹಿಡಿಯಲು ಜಿಪಿಎಸ್ ಸಾಲದು, ಅದು ಕೆಲವು ಮೀಟರ್ ತಪ್ಪುತ್ತದೆ. ಹಿಂದಿನ ವರ್ಷದ ಪ್ರಿಂಟ್ ಕೈಯಲ್ಲಿಟ್ಟುಕೊಂಡು, ಹತ್ತಿರದ ಒಂದು ಗುಂಡಿನ ಅಂಚು ದೂರದ ಶಿಖರದ ಯಾವ ಬಿಂದುವಿಗೆ ತಾಗುತ್ತದೆ ಎಂದು ನೋಡಿ. ಅಂಥ ಎರಡು ಜೋಡಿ ಕೂಡಿಬಂದರೆ ನಿಂತ ಜಾಗ ಅದೇ. ಹಾಗೆ ತೆಗೆದ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ, ಹೋದ ಬಂಡೆ ಯಾವುದೆಂದು ಬೆರಳಿಟ್ಟು ತೋರಿಸಬಹುದು.