ಮಾರ್ಚ್ 31ರೊಳಗೆ ಮಸೀದಿ ದುರಸ್ತಿ

ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಎದುರು ಮಗ್ಗುಲಿನವರಿಗೆ ಕೇಳಿಸುತ್ತದೆ. ಅದೇ ಊರಿನ ಕೋಟೆಗೋಡೆಯೊಳಗಿನ ಓಣಿಯ ಪುಟ್ಟ ಮಸೀದಿ ಸೋರುತ್ತಿದೆಯೆಂದು ಕೂಗಿಕೊಂಡರೂ ಫೆಬ್ರುವರಿವರೆಗೆ ಯಾರ ಕಿವಿಗೂ ಬೀಳುವುದಿಲ್ಲ. ಫೆಬ್ರುವರಿಯಲ್ಲಿ, ಮಾರ್ಚ್ 31ರೊಳಗೆ ಖರ್ಚಾಗಬೇಕಾದ ಅನುದಾನ ಮಿಕ್ಕಿದ್ದು ಗೊತ್ತಾಗುತ್ತದೆ, ಕಿವಿ ಅರಳುತ್ತವೆ.

1608ರಲ್ಲಿ ಇದೇ ಊರಿನಲ್ಲಿ ಆದಿಲ್‌ಶಾಹಿ ಮಂತ್ರಿ ಇತಿಬಾರ್ ಖಾನ್ ಎರಡಂತಸ್ತಿನ ಅಂಡು ಮಸೀದಿ ಕಟ್ಟಿಸಿ, ತತ್ತಿಯಂಥ ಗುಮ್ಮಟ ಕೂರಿಸಿದಾಗ ಮಾರ್ಚ್ ಎಂಡ್ ಎಂಬ ಹಬ್ಬವಿರಲಿಲ್ಲ. ಆಗಿನ ಗಾರೆಯ ಕೆಲಸವೇ ಸೋಮಾರಿತನದ್ದು. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಸೋಸಿ, ವಾರಗಟ್ಟಲೆ ನೀರಿನಲ್ಲೇ ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಎರಡು ಮೂರು ಪಾಲು ಮರಳು ಹಾಕಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೇರೆ. ತೆಳುವಾಗಿ ಬಳಿದು, ಒದ್ದೆ ಗೋಣಿತಾಟು ಹೊದಿಸಿ, ಅದು ಬಿಗಿದ ಮೇಲೆ ಮುಂದಿನ ಲೇಪ. ಕಾಯುವುದನ್ನು ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ ಯಾವ ಚದರ ಮೀಟರಿನಲ್ಲಿ ಬರೆಯುವುದು?

ಆದ್ದರಿಂದ ಸಿಮೆಂಟು. ಒಂದಕ್ಕೆ ನಾಲ್ಕು ಮರಳು, ಎರಡು ದಿನ, ಫೋಟೊ. ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟು ಬಿಗಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಹಳೆ ಗಾರೆ ಪುಡಿಯಾಗುತ್ತದೆ. ಒಂದೆರಡು ಮಳೆಗಾಲ ಕಳೆಯಲಿ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಇದಕ್ಕೆ ಮದ್ದೂ ಇದೆ: ಎಣ್ಣೆ ಬಣ್ಣ, ಎರಡು ಕೋಟು, ಮಿಕ್ಕ ರಂಧ್ರಗಳೂ ಬಂದ್.

ಓಣಿಯ ಮಸೀದಿಯ ಗುಮ್ಮಟದ ಬಿರುಕಿನಲ್ಲಿದ್ದ ಅರಳಿ ಸಸಿಯನ್ನು ಬುಡಕ್ಕೆ ಕತ್ತರಿಸಿ ಸಿಮೆಂಟು ಮೆತ್ತಿದ್ದಾರೆ. ಬೇರು ಒಳಗೇ ಇದೆ, ಆದರೆ ಅಂದಾಜುಪಟ್ಟಿಯಲ್ಲಿದ್ದುದು ‘ಗಿಡ ತೆಗೆಯುವುದು’ ಮಾತ್ರ. ಮಾಳಿಗೆಯ ನೀರು ಹೋಗುವ ತೂತಿನಲ್ಲಿ ಪಾರಿವಾಳದ ಹಿಕ್ಕೆ ಕಟ್ಟಿದೆ. ಸೋರಿಕೆಗೆ ಅರ್ಧ ಕಾರಣವೇ ಅದು. ಒಬ್ಬಾಳು, ಒಂದು ಕೋಲು, ಅರ್ಧ ಗಂಟೆಯ ಕೆಲಸ. ಇಷ್ಟು ಸಣ್ಣದಕ್ಕೆ ಯಾರು ಟೆಂಡರು ಕರೆಯುತ್ತಾರೆ! ಹೊರಗಿನ ರಸ್ತೆಯಂತೂ ಹಳೆಯದನ್ನು ಕೀಳದೆ ಪದರದ ಮೇಲೆ ಪದರ ಡಾಂಬರು ತಿಂದು ಹೊಸ್ತಿಲನ್ನೇ ದಾಟಿದೆ. ಮಳೆನೀರು ನಮಾಜಿಗಿಂತ ಮೊದಲೇ ಒಳಗೆ ಹಾಜರು.

ಕೊನೆಗೆ ಕಲ್ಲಿಗೆ ನಾಲ್ಕು ತೂತು ಕೊರೆದು ‘ಕಾಮಗಾರಿ ಪೂರ್ಣ’ ಫಲಕ. ಪಕ್ಕದಲ್ಲಿ ಹಳೆಯ ನೀಲಿ ಫಲಕ: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೋಡೆಯ ಮೇಲೆ ಮೊಳೆಯಿಂದ ಪ್ರೇಯಸಿಯ ಹೆಸರು ಗೀಚಿದ ಹುಡುಗ ಅದನ್ನೋದಿ ಓಡಿಹೋದ. ಗೋಡೆಯನ್ನೇ ಮುಚ್ಚಿದವರು ಅಲ್ಲೇ ನಿಂತು ಅಂತಿಮ ಬಿಲ್ಲಿಗೆ ಸಹಿ ಹಾಕಿದರು.